ನಿಂತ ಕೆಲಸ ಯಾವುದಕ್ಕೆ ಕಾದಿದೆ?

ಶಂಕರಘಟ್ಟದಿಂದ ಭದ್ರಾವತಿಗೆ 18 ಕಿಲೋಮೀಟರ್, ಶಿವಮೊಗ್ಗಕ್ಕೆ 28. ಹೇಳುವುದಕ್ಕೆ ಇದೇನು ದೂರವಲ್ಲ. ಮನೆ ನಡೆಸುವವರ ಲೆಕ್ಕ ಮಾತ್ರ ಬೇರೆ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಆರಂಭವಾಗಿ, ಜ್ಞಾನಸಹ್ಯಾದ್ರಿ ಆವರಣ ಇಲ್ಲಿ ಬೆಳೆದ ಮೇಲೆ ಊರಿಗೆ ಬಸ್ಸು ಹೆಚ್ಚಿತು, ಹೋಟೆಲು, ಜೆರಾಕ್ಸ್ ಅಂಗಡಿ ಬಂದವು. ಅಕ್ಕಿ, ಬೇಳೆ, ಹಾಲು, ತರಕಾರಿಗೆ ಪೇಟೆ ನೋಡಬೇಕಾಗಿಲ್ಲ. ಆದರೆ ಹಳೇ ಕುಕ್ಕರಿಗೆ ಸರಿಯಾಗಿ ಕೂರುವ ಗ್ಯಾಸ್ಕೆಟ್, ಮಿಕ್ಸಿ ಜಾರಿನ ಬ್ಲೇಡು, ಬಾಗಿಲಿನ ಚಿಲಕಕ್ಕೆ ಹೊಂದುವ ಸ್ಕ್ರೂ ಬೇಕೆಂದರೆ ಬಸ್ಸು ಹತ್ತಲೇಬೇಕು. ಅರ್ಧ ದಿನ ಹೋಯಿತು. ಅರ್ಧ ದಿನ ಸಿಗುವವರೆಗೆ ನಲ್ಲಿ ತೊಟ್ಟಿಕ್ಕುತ್ತಲೇ ಇರುತ್ತದೆ, ಅದರ ಕೆಳಗೆ ಬಕೆಟ್ಟು ಇದ್ದಲ್ಲೇ ಇರುತ್ತದೆ.

ಇಲ್ಲಿ ವಿಶ್ವವಿದ್ಯಾಲಯದ ಸಿಬ್ಬಂದಿ, ಅಡಿಕೆ ಮತ್ತು ಗದ್ದೆಯವರು, ಭದ್ರಾ ಅಣೆಕಟ್ಟೆ ಕೆಲಸದ ಕಾಲದಿಂದ ಪಕ್ಕದ ಬಿ.ಆರ್. ಪ್ರಾಜೆಕ್ಟ್ ಊರಿನಲ್ಲಿ ನೆಲೆಸಿದವರು, ಭದ್ರಾವತಿಯ ಕಾರ್ಖಾನೆಗಳಿಂದ ನಿವೃತ್ತರಾದವರು ಎಲ್ಲರೂ ಅಕ್ಕಪಕ್ಕದಲ್ಲಿದ್ದೇವೆ. ನಾನು ಕಚೇರಿ ಕೆಲಸವನ್ನೂ ಮನೆಯನ್ನೂ ಜೊತೆಜೊತೆಗೆ ನಡೆಸಿಕೊಂಡು ಬಂದವಳು. ಮನೆಯಲ್ಲಿ ಅತ್ತೆ, ನಮ್ಮನೆಯವರು, ಕಾಲೇಜಿಗೆ ಹೋಗುವ ಮಗ, ಹೈಸ್ಕೂಲಿನ ಮಗಳು. ಮುಂದೆ ಹೆಂಚಿನ ಹಳೇ ಮನೆ, ಹಿಂದೆ ತಾರಸಿ ಹಾಕಿದ ಕೋಣೆಗಳು. ಅಂದರೆ ಹಳೇ ಮನೆಯ ರಿಪೇರಿಯೂ ಉಂಟು, ಹೊಸ ಮನೆಯ ರಿಪೇರಿಯೂ ಉಂಟು.

ಮನೆಯ ಕೆಲಸ ಬಾಕಿ ಉಳಿದರೆ ಸೋಮಾರಿತನ ಎಂದುಬಿಡುತ್ತಾರೆ. ಆ ಮಾತು ಬೀಳುವುದು ಹೆಚ್ಚಾಗಿ ಹೆಂಗಸರ ಮೇಲೆ. ನಾನಿದನ್ನು ಒಪ್ಪುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಅಡುಗೆಮನೆ ದೀಪ ಆರಿಸುವವಳು ಮಿಕ್ಸಿ ರಿಪೇರಿ ಮಾಡಿಸಲಿಲ್ಲ ಎಂದರೆ ಅದಕ್ಕೆ ಕಾರಣ ಬೇರೆಯೇ ಇರುತ್ತದೆ. ನಿಂತ ಪ್ರತಿ ಕೆಲಸವೂ ಯಾವುದೋ ಒಂದಕ್ಕೆ ಕಾಯುತ್ತಿರುತ್ತದೆ: ಒಂದು ಸಾಮಾನಿಗೆ, ಒಬ್ಬ ಮನುಷ್ಯನಿಗೆ, ಒಂದು ಕಾಗದಕ್ಕೆ, ಬಿಸಿಲಿಗೆ, ಇಲ್ಲವೇ ಮನೆಯವರ ಒಂದು ತೀರ್ಮಾನಕ್ಕೆ. ಅದು ಯಾವುದೆಂದು ಗೊತ್ತಾದರೆ ಕೆಲಸ ಅರ್ಧ ಮುಗಿದಂತೆ. ನನ್ನ ಪಾಠಗಳೆಲ್ಲ ಈ ಒಂದೇ ಬೇರಿನಿಂದ ಬಂದವು.

1. ಪಟ್ಟಿಯಲ್ಲಿ ಕೆಲಸದ ಹೆಸರಷ್ಟೇ ಬರೆದರೆ ಸಾಲದು

‘ಬಚ್ಚಲ ನಲ್ಲಿ’ ಎಂದು ಬರೆದಿಟ್ಟರೆ ಅದನ್ನು ನೋಡಿದಾಗಲೆಲ್ಲ ಬೇಜಾರು ಬರುತ್ತದೆಯೇ ಹೊರತು ಕೆಲಸ ಮುಂದೆ ಹೋಗುವುದಿಲ್ಲ. ‘ಅರ್ಧ ಇಂಚಿನ ನಲ್ಲಿ ಒಂದು, ಟೆಫ್ಲಾನ್ ಟೇಪು ಒಂದು, ಭದ್ರಾವತಿಯಿಂದ’ ಎಂದು ಬರೆದರೆ ಯಾರು ಬೇಕಾದರೂ ತರಬಹುದು. ನಮ್ಮ ಅಡುಗೆಮನೆಯಲ್ಲಿ ಮಳೆನಕ್ಷತ್ರಗಳಿರುವ ಕ್ಯಾಲೆಂಡರಿನ ಪಕ್ಕ ಮೊಳೆಗೆ ಒಂದು ನೋಟ್‌ಬುಕ್ ತೂಗುಹಾಕಿದೆ. ಎಡಗಡೆ ಕೆಲಸ, ಬಲಗಡೆ ಅದು ಯಾವುದಕ್ಕೆ ಕಾದಿದೆ ಎಂಬುದು. ಬಲಗಡೆ ಖಾಲಿ ಬಿಡುವಂತಿಲ್ಲ. ಖಾಲಿ ಇದೆ ಎಂದರೆ ಆ ಕೆಲಸದ ಬಗ್ಗೆ ಯಾರೂ ಇನ್ನೂ ಕೂತು ಯೋಚಿಸಿಲ್ಲ ಎಂದರ್ಥ.

ಮುಗಿಯದ ಕೆಲಸ ತಲೆಯೊಳಗೆ ಕೊರೆಯುತ್ತಲೇ ಇರುತ್ತದೆ ಎನ್ನುವುದು ಅನುಭವದ ಮಾತು. ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನೇ 1927ರಲ್ಲಿ ಪ್ರಯೋಗಗಳ ಆಧಾರದಲ್ಲಿ ಬರೆದಿದ್ದರು: ಮುಗಿಸಿದ ಕೆಲಸಗಳಿಗಿಂತ ನಡುವೆ ತಡೆದು ನಿಲ್ಲಿಸಿದ ಕೆಲಸಗಳು ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ ಎಂದು. ಆಮೇಲೆ 2011ರಲ್ಲಿ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲಸ ಮುಗಿಯದಿದ್ದರೂ ಅದನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಯೋಚಿಸಿಟ್ಟರೆ ಆ ಕೊರೆತ ತಗ್ಗುತ್ತದೆ ಎಂದು ತೋರಿಸಿದರು. ನೋಟ್‌ಬುಕ್ಕಿನ ಬಲಗಡೆ ಮಾಡುವುದೂ ಅದನ್ನೇ. ಬರೆದ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದ್ದರೂ.

2. ಪೇಟೆಯ ಚೀಟಿ ಅಂಗಡಿಯ ಪ್ರಕಾರ ಇರಲಿ

ನೆನಪಾದ ಹಾಗೆ ಬರೆದ ಚೀಟಿ ಹಿಡಿದು ಹೋದರೆ ಒಂದೇ ಅಂಗಡಿಗೆ ಎರಡು ಸಲ ಹೋಗುತ್ತೇವೆ, ಒಂದನ್ನು ಮರೆತೇ ಬರುತ್ತೇವೆ. ನಾವು ಅಂಗಡಿಯ ಪ್ರಕಾರ ಬರೆಯುತ್ತೇವೆ: ಹಾರ್ಡ್‌ವೇರ್, ಪಾತ್ರೆ, ಔಷಧಿ, ಟೈಲರ್, ಬ್ಯಾಂಕು. ಭದ್ರಾವತಿಯದು ಒಂದು ಹಾಳೆ, ಶಿವಮೊಗ್ಗದ್ದು ಇನ್ನೊಂದು. ಯಾರು ಯಾವ ಊರಿಗೆ ಹೊರಟರೂ ಆ ಹಾಳೆಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗುವುದು ಮನೆಯ ಪದ್ಧತಿ. ಡಾಕ್ಟರನ್ನು ನೋಡಲು ಶಿವಮೊಗ್ಗಕ್ಕೆ ಹೋದ ದಿನವೇ ಅಲ್ಲಿನ ಗಾಂಧಿ ಬಜಾರಿನ ಕೆಲಸವೂ ಮುಗಿಯುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಒಂದು ವಾಷರಿಗೋಸ್ಕರ ಬಸ್ ಚಾರ್ಜು ಕೊಡಬೇಕಲ್ಲ ಎಂಬ ಸಂಕೋಚ ಹೋಯಿತು. ಇದು ಸಣ್ಣ ವಿಷಯವಲ್ಲ. ಆದರೆ ಅರ್ಧ ದಿನದ ಬೆಲೆ ಹಾಗೇ ಉಳಿದಿದೆ, ಅದಕ್ಕೇ ಚೀಟಿ ಬೇಕು.

ಸಾಮಾನು ತರುವಾಗ ಹಳೆಯದನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಮೂರು ಲೀಟರಿನ ಕುಕ್ಕರಿನ ಗ್ಯಾಸ್ಕೆಟ್ಟು ಐದು ಲೀಟರಿನದಕ್ಕೆ ಕೂರುವುದಿಲ್ಲ, ಒಂದೇ ಅಳತೆಯಾದರೂ ಎಲ್ಲ ಕಂಪನಿಯದ್ದೂ ಒಂದೇ ಅಲ್ಲ. ಬಿಚ್ಚಲು ಬಾರದ್ದಾದರೆ ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೋ ತೆಗೆಯಿರಿ. ಮತ್ತೆ, ತಂದಾಗ ಒಂದರ ಬದಲು ಎರಡು ತನ್ನಿ. ನಮ್ಮಲ್ಲಿ ಹಳೇ ಬಿಸ್ಕತ್ತಿನ ಡಬ್ಬಿಯೊಂದು ಇದಕ್ಕೇ ಇದೆ. ವಾಷರ್, ಗ್ಯಾಸ್ಕೆಟ್, ಟೇಪು, ಫ್ಯೂಸ್ ತಂತಿ, ಮೊಳೆ, ಸ್ಕ್ರೂ, ಗುಂಡಿ, ಸೂಜಿದಾರ ಎಲ್ಲ ಅದರಲ್ಲಿ. ಪೇಟೆಯಿಂದ ದೂರ ಇರುವವರ ಮನೆಯಲ್ಲಿ ಈ ಡಬ್ಬಿ ಉಪ್ಪಿನ ಭರಣಿಯಷ್ಟೇ ಮುಖ್ಯ.

3. ಸಾಮಾನು ಕೈಗೆ ಬಾರದೆ ಯಾವುದನ್ನೂ ಬಿಚ್ಚಬೇಡಿ

ನನ್ನ ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ವಿಭಾಗದಲ್ಲಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರ ಶ್ರಮದಿಂದ 1923ರಲ್ಲಿ ಉತ್ಪಾದನೆ ಶುರುಮಾಡಿದ ಕಾರ್ಖಾನೆ ಅದು. ಮೊದಲ ಕುಲುಮೆ ಉರಿದದ್ದು ನಮ್ಮ ಮಲೆನಾಡಿನ ಕಾಡಿನ ಇದ್ದಿಲಿನಿಂದ. ಅಪ್ಪನ ಬಾಯಲ್ಲಿ ‘ಶಟ್‌ಡೌನ್’ ಎಂಬ ಮಾತು ನಾವು ಚಿಕ್ಕವರಿದ್ದಾಗಿಂದ ಕೇಳಿದ್ದು. ಯಂತ್ರ ನಿಲ್ಲಿಸುವ ದಿನಕ್ಕೆ ಬಹಳ ಮೊದಲೇ ಬೇಕಾದ ಬಿಡಿಭಾಗ, ಸ್ಪ್ಯಾನರು, ಗ್ರೀಸು, ಎತ್ತಿ ಹಿಡಿಯುವ ಜನ ಎಲ್ಲ ಸಿದ್ಧವಾಗಬೇಕು. ಪಟ್ಟಿಯಲ್ಲಿ ಒಂದು ಬೋಲ್ಟು ಕಡಿಮೆ ಇದ್ದರೂ ಯಂತ್ರ ನಿಲ್ಲಿಸುವಂತಿಲ್ಲ. ನಿಂತ ಯಂತ್ರದ ಎದುರು ನಿಂತು ಬೋಲ್ಟು ಹುಡುಕುವುದಕ್ಕಿಂತ ದೊಡ್ಡ ನಷ್ಟ ಇಲ್ಲ ಎನ್ನುತ್ತಿದ್ದರು.

ಮನೆಗೂ ಇದೇ ಸರಿ. ಭಾನುವಾರ ಬೆಳಿಗ್ಗೆ ಹುರುಪಿನಲ್ಲಿ ಕಪಾಟು ಪೂರ್ತಿ ಖಾಲಿಮಾಡಿ ನೆಲದ ಮೇಲೆ ಹರವಿದರೆ, ಹಾಸುವ ಪೇಪರಿಲ್ಲ, ಡಾಂಬರು ಗುಳಿಗೆ ಇಲ್ಲ, ಕೊಡುವ ಬಟ್ಟೆಗೆ ಚೀಲವಿಲ್ಲ. ಸಂಜೆ ಹೊತ್ತಿಗೆ ಎಲ್ಲವನ್ನೂ ಹಾಗೇ ತುರುಕಬೇಕಾಗುತ್ತದೆ. ಅಂಥ ಕೆಲಸವನ್ನು ಮತ್ತೆ ಮುಟ್ಟಲು ಮನಸ್ಸೇ ಬರುವುದಿಲ್ಲ. ಹಿಂದಿನ ದಿನ ಸಾಮಾನೆಲ್ಲ ಒಂದು ಬುಟ್ಟಿಯಲ್ಲಿ ಸೇರಿಸಿಡಿ. ಬುಟ್ಟಿ ತುಂಬಿದ ಮೇಲೆ ಕೈಹಾಕಿ. ಕಪಾಟಾದರೆ ಒಂದು ಸಲಕ್ಕೆ ಒಂದೇ ಅರೆ.

4. ಮಲೆನಾಡಿನಲ್ಲಿ ಗಡುವು ಕೊಡುವುದು ಮಳೆ

ಬೇರೆ ಊರಿನವರು ಹೊಸ ವರ್ಷಕ್ಕೆ ಸಂಕಲ್ಪ ಮಾಡುತ್ತಾರೆ. ನಮಗೆ ವರ್ಷ ತಿರುಗುವುದು ಮೃಗಶಿರಾ ಮಳೆಗೆ, ಅಂದರೆ ಜೂನ್ ಮೊದಲ ವಾರದ ಆಚೀಚೆ. ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಆಗಸ್ಟ್ ನಡುವಿನವರೆಗೆ ಹೊರಗಿನ ಒಂದು ಕೆಲಸವನ್ನೂ ನಂಬುವ ಹಾಗಿಲ್ಲ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಜುಲೈ ಬಂದರೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಮೊದಲ ಮಾತೇ ‘ಎಷ್ಟಡಿ ಬಂತಂತೆ?’ ಗದ್ದೆಯವರಿಗೆ ಅದು ನಾಲೆಯ ನೀರಿನ ಪ್ರಶ್ನೆ. ಮನೆ ನಡೆಸುವವರಿಗೆ ಇನ್ನೆಷ್ಟು ದಿನ ಬಟ್ಟೆ ಒಣಗುವುದಿಲ್ಲ ಎಂಬ ಪ್ರಶ್ನೆಯೂ ಹೌದು.

ಹಾಗಾಗಿ ನಾನು ಕೆಲಸಗಳನ್ನು ತಿಂಗಳಿಗಿಂತ ಮಳೆನಕ್ಷತ್ರದ ಮೇಲೆ ಕೂರಿಸುತ್ತೇನೆ. ಏಪ್ರಿಲ್ ನಡುವೆ ಅಶ್ವಿನಿ ಶುರುವಾಗುವ ಹೊತ್ತಿಗೆ ಹೆಂಚು ಕೈಯಾಡಿಸುವವರಿಗೆ ಹೇಳಿಟ್ಟಿರಬೇಕು. ಅವರು ಮೇ ತಿಂಗಳಲ್ಲಿ ಕೈಗೆ ಸಿಗುವುದಿಲ್ಲ, ಎಲ್ಲರಿಗೂ ಆಗಲೇ ಬೇಕು. ಒಡೆದ ಹೆಂಚು ಎಷ್ಟು ಎಂದು ಮೊದಲೇ ಎಣಿಸಿ ಹೊಸದನ್ನು ಗೋಡೆಗೆ ಒರಗಿಸಿಟ್ಟಿದ್ದರೆ ಬಂದವರ ಕೆಲಸ ಬೇಗ ಮುಗಿಯುತ್ತದೆ, ನಮ್ಮ ಕೂಲಿಯೂ ಉಳಿಯುತ್ತದೆ. ಭರಣಿ ಮಳೆಯ ಹೊತ್ತಿಗೆ ಸೂರಿನ ದೋಣಿಯ ಕಸ, ಒಣಗಿದ ಎಲೆ ತೆಗೆದು, ಒಂದು ಕೊಡ ನೀರು ಹೊಯ್ದು ಎಲ್ಲಿ ಸೋರುತ್ತದೆಂದು ನೋಡುವುದು. ಕೃತ್ತಿಕೆಯಲ್ಲಿ ಮನೆ ಮೇಲೆ ಬಾಗಿದ ಕೊಂಬೆ ಕಡಿಸುವುದು, ಸೌದೆ ಒಳಗೆ ಒಟ್ಟುವುದು, ಹಾಸಿಗೆ, ದಿಂಬು, ಕಂಬಳಿಗೆ ಕೊನೇ ಬಿಸಿಲು. ಮೇ ಕೊನೆಯ ರೋಹಿಣಿಗೆ ನೀರಿನ ಟ್ಯಾಂಕು ತೊಳೆದು, ಅಂಗಳದ ಪಾಚಿ ಕಟ್ಟುವ ಜಾಗಕ್ಕೆ ಅಡಿಕೆ ದಬ್ಬೆ ಹಾಸುವುದು. ಅತ್ತೆಯಂಥ ವಯಸ್ಸಾದವರು ಬಚ್ಚಲಿಗೆ ನಡೆಯುವ ದಾರಿ ಅದು, ನಾನು ಎಲ್ಲಕ್ಕಿಂತ ಹೆಚ್ಚು ಗಮನ ಕೊಡುವ ಕೆಲಸವೂ ಅದೇ.

ಬಿಸಿಲಿಗೆ ಕಾಯುವ ಕೆಲಸಗಳಲ್ಲಿ ಬಾಗಿಲಿನದೇ ಒಂದು ಕತೆ. ಮಳೆಗಾಲದಲ್ಲಿ ಮರದ ಬಾಗಿಲು ಬಿಗಿಯುತ್ತದೆ. ಮರ ತೇವ ಹೀರಿ ಉಬ್ಬುವುದು ಅಗಲಕ್ಕೆ. ಉದ್ದಕ್ಕೆ ಉಬ್ಬುವುದು ತೀರಾ ಕಡಿಮೆ. ಒಮ್ಮೆ ಪುಷ್ಯ ಮಳೆಯಲ್ಲಿ, ಬಾಗಿಲು ಹಾಕಲಾಗದೆ ಆಚಾರಿಯವರನ್ನು ಕರೆಸಿದೆವು.

“ಆಚಾರ್ರೇ, ಈಗಲೇ ಸ್ವಲ್ಪ ಕೀಸಿ ಕೊಟ್ಟುಬಿಡಿ.”

“ಬೇಡ ಕಣಮ್ಮ. ಈಗ ಕೀಸಿದ್ರೆ ಬೇಸಿಗೇಲಿ ಸಂದು ಬಿಡುತ್ತೆ. ಎಲ್ಲಿ ಉಜ್ಜುತ್ತೆ ಅಂತ ಪೆನ್ಸಿಲಲ್ಲಿ ಗೆರೆ ಹಾಕಿ ಇಡಿ. ಬಿಸಿಲು ಬಿದ್ದ ಮೇಲೆ ಬಂದು ಗೆರೆ ನೋಡಿ ಕೀಸ್ತೀನಿ.”

ಹಾಗೇ ಮಾಡಿದರು, ಬಾಗಿಲು ಇವತ್ತಿಗೂ ಸರಿಯಾಗಿದೆ. ಕೆಲಸ ಮುಂದೆ ಹಾಕುವುದೂ ಕೆಲವೊಮ್ಮೆ ಕೆಲಸದ ಭಾಗವೇ, ಯಾವಾಗಿನವರೆಗೆ ಎಂದು ಗೊತ್ತಿದ್ದರೆ ಮತ್ತು ಗೆರೆ ಹಾಕಿಟ್ಟಿದ್ದರೆ. ಗೋಡೆಗೆ ಬಣ್ಣವೂ ಹಾಗೆಯೇ. ತೇವ ಆರದ ಗೋಡೆಗೆ ಬಳಿದದ್ದು ಸಿಪ್ಪೆ ಏಳುತ್ತದೆ. ದೀಪಾವಳಿಗೆ ಬಣ್ಣ ಆಗಲಿಲ್ಲ ಎಂದು ಬೇಸರಪಡುವವರಿಗೆ ನಾನು ಹೇಳುವುದು, ಸಂಕ್ರಾಂತಿಯ ಹೊತ್ತಿಗೆ ಮಾಡಿಸಿ, ಗೋಡೆಗೂ ಅದೇ ಹಿತ.

ಇನ್ನು ಮಳೆಗಾಲದ ಪಟ್ಟಿ ಬೇರೆ. ಕಿತ್ತುಹೋದ ಹೊಲಿಗೆ, ಗುಂಡಿ, ಹಳೇ ಪುಸ್ತಕಕ್ಕೆ ರಟ್ಟು, ಫೋಟೋಗಳ ಹಿಂದೆ ಹೆಸರು ಬರೆಯುವುದು, ಬೂಷ್ಟು ಹಿಡಿಯುವ ಕಪಾಟಿನಲ್ಲಿ ಗಾಳಿ ಆಡುವಂತೆ ಬಟ್ಟೆ ಸಡಿಲ ಜೋಡಿಸುವುದು, ಕಾಗದಪತ್ರ. ಕರೆಂಟು ಹೋಗುವ ಸಂಜೆಗಳಿಗೆ ಹೇಳಿ ಮಾಡಿಸಿದ ಕೆಲಸಗಳಿವು.

5. ಕಾಗದದ ಕೆಲಸಕ್ಕೆ ಎರಡು ಫೈಲು

ಮನೆಯಲ್ಲಿ ಅತಿ ಹೆಚ್ಚು ಕಾಲ ನಿಂತುಬಿಡುವುದು ಕಾಗದದ ಕೆಲಸ. ಸೋರುವ ಹೆಂಚು ಕಣ್ಣಿಗೆ ಕಾಣುತ್ತದೆ, ತಾತನ ಹೆಸರಿನಲ್ಲೇ ಉಳಿದ ಪಹಣಿ ಕಾಣುವುದಿಲ್ಲ. ಸಾಲಕ್ಕೋ ಮಾರಾಟಕ್ಕೋ ಪಾಲಿಗೋ ಅದು ಬೇಕಾದ ದಿನ ಮೂರು ತಲೆಮಾರಿನ ಗಂಟು ಒಟ್ಟಿಗೆ ಬಿಚ್ಚಬೇಕಾಗುತ್ತದೆ.

ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಮೊದಲು ಬೇಕಾಗುವುದು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. ಜನನ ಮರಣ ನೋಂದಣಿಗೆ 1969ರ ಕಾನೂನಿನ ಪ್ರಕಾರ 21 ದಿನಗಳ ಅವಧಿ ಇದೆ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ದುಃಖದ ಮನೆಯಲ್ಲಿ 21 ದಿನ ಎಷ್ಟು ಬೇಗ ಕಳೆಯುತ್ತದೆಂದು ಕಂಡವರಿಗೆ ಗೊತ್ತು. ವೈಕುಂಠ ಸಮಾರಾಧನೆಯ ಓಡಾಟದ ನಡುವೆ ಈ ಒಂದು ಕೆಲಸವನ್ನು ಮನೆಯ ಒಬ್ಬರ ಹೆಸರಿಗೆ ಕಟ್ಟಬೇಕು, ಅವರಿಗೆ ಬೇರೆ ಜವಾಬ್ದಾರಿ ಕೊಡಬಾರದು. ಅಕ್ಕಪಕ್ಕದ ಮನೆಯಲ್ಲಿ ಸಾವಾದರೆ ನಾನು ಊಟ ಕಳಿಸುವುದರ ಜೊತೆಗೆ ಇದನ್ನೂ ಮೆಲ್ಲಗೆ ನೆನಪಿಸುತ್ತೇನೆ. ಯಾರೂ ಬೇಸರಿಸಿಲ್ಲ.

ಫೈಲು ಎರಡೇ ಸಾಕು. ಒಂದರಲ್ಲಿ ಮುಗಿದದ್ದು: ಪಹಣಿ, ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11, ಕಂದಾಯದ ರಸೀದಿ, ಅಂಕಪಟ್ಟಿ, ವಿಮೆ. ಇನ್ನೊಂದರಲ್ಲಿ ನಡೆಯುತ್ತಿರುವುದು. ಪ್ರತಿ ಅರ್ಜಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಎಲ್ಲಿಗೆ ಹೋದದ್ದು, ಯಾವ ದಿನ, ಮುಂದೆ ಏನು ಬೇಕು ಎಂದು. ರಾಜ್ಯದಲ್ಲಿ 2012ರಿಂದ ಸಕಾಲ ಕಾನೂನು ಜಾರಿಯಲ್ಲಿದೆ. ಆ ಕಾನೂನಿನಡಿ ಬರುವ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಸಿಗುತ್ತದೆ, ಕೆಲಸ ಎಷ್ಟು ದಿನದೊಳಗೆ ಆಗಬೇಕು ಎಂಬುದಕ್ಕೂ ಲೆಕ್ಕ ಇದೆ. ನಾಡಕಚೇರಿಗೆ ಬರಿಗೈಯಲ್ಲಿ ಹೋಗಿ ‘ಏನಾಯ್ತು ಸರ್’ ಎಂದು ಕೇಳುವುದಕ್ಕೂ, ಆ ಸಂಖ್ಯೆ ಓದಿ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಸ್ವೀಕೃತಿ ಚೀಟಿ ಪರ್ಸಿನಲ್ಲಿ ಮಾಸಿಹೋಗಲು ಬಿಡಬೇಡಿ. ಬಂದ ಸಂಜೆಯೇ ಫೋಟೋ ತೆಗೆದು ಮನೆಯ ವಾಟ್ಸ್ಯಾಪ್ ಗುಂಪಿಗೆ ಹಾಕಿ.

ಪಿಂಚಣಿದಾರರಿರುವ ಮನೆಯಲ್ಲಿ ನವೆಂಬರ್ ಎಂದರೆ ಜೀವಂತ ಪ್ರಮಾಣಪತ್ರ. ಭದ್ರಾವತಿಯ ಸುತ್ತ ಇಂಥ ಮನೆಗಳು ಬಹಳ. 2014ರಿಂದ ಇದನ್ನು ಆಧಾರ್ ಮೂಲಕ ಡಿಜಿಟಲ್ ಆಗಿಯೂ ಕೊಡಬಹುದು, ಈಗ ಮೊಬೈಲಿನಲ್ಲಿ ಮುಖ ತೋರಿಸಿ ಮುಗಿಸುವ ವ್ಯವಸ್ಥೆಯೂ ಇದೆ. ಬೆರಳ ಗೆರೆ ಸವೆದ ಹಿರಿಯರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸುವ ಕಷ್ಟ ತಪ್ಪುತ್ತದೆ. ಈ ಕೆಲಸ ನಮ್ಮ ಬೀದಿಯಲ್ಲಿ ಕಾಲೇಜು ಮಕ್ಕಳದ್ದು. ಚೆನ್ನಾಗಿ ಮಾಡುತ್ತಾರೆ.

6. ಕೈಗೆ ಹಂಚಿದರೆ ಸಾಲದು, ತಲೆಯಿಂದಲೂ ಇಳಿಯಬೇಕು

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಹೇಳುವಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಅದರಲ್ಲಿ ತೊಡಗುವ ಗಂಡಸರು 88 ನಿಮಿಷ. ಅದೂ ಆ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ ಮಾತ್ರ. ಕೈಯೇ ಹಾಕದವರು ಆ 88ರಲ್ಲಿ ಇಲ್ಲ. ಐದು ಗಂಟೆಗೆ ಹತ್ತಿರವಾದ ಈ 289 ನಿಮಿಷದಲ್ಲಿ ಬಾಕಿ ಕೆಲಸಕ್ಕೆ ಜಾಗ ಎಲ್ಲಿಂದ ಬರಬೇಕು?

ಸಮೀಕ್ಷೆಗೆ ಸಿಗದ ಇನ್ನೊಂದು ಕೆಲಸವಿದೆ. ಗ್ಯಾಸು ಯಾವಾಗ ಬುಕ್ ಮಾಡಬೇಕು, ಅತ್ತೆಯ ಬಿಪಿ ಮಾತ್ರೆ ಎಷ್ಟು ಉಳಿದಿದೆ, ಮಗಳ ಫೀಸಿಗೆ ಕೊನೇ ದಿನ ಯಾವಾಗ ಎಂದು ನೆನಪಿಟ್ಟುಕೊಳ್ಳುವ ಕೆಲಸ. ‘ಹೇಳಿದ್ರೆ ಮಾಡ್ತಿದ್ದೆನಲ್ಲ’ ಎನ್ನುವವರು ಈ ನೆನಪಿನ ಹೊರೆಯನ್ನು ಇನ್ನೊಬ್ಬರ ತಲೆಯ ಮೇಲೇ ಬಿಟ್ಟಿರುತ್ತಾರೆ. ಅದಕ್ಕೆ ನಾವು ಕೆಲಸವನ್ನು ಬೇರಿನಿಂದ ತುದಿಯವರೆಗೆ ಒಬ್ಬರಿಗೇ ಕೊಡುತ್ತೇವೆ. ಔಷಧಿ ಪೂರ್ತಿ ನಮ್ಮನೆಯವರದ್ದು: ಮಾತ್ರೆ ಎಣಿಸುವುದು, ಚೀಟಿ ಬರೆಯುವುದು, ತರುವುದು, ಡಾಕ್ಟರ ಮುಂದಿನ ದಿನ ನೆನಪಿಡುವುದು. ನೀರಿನ ಟ್ಯಾಂಕು, ಮೋಟರು, ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಮಗನದ್ದು. ಗ್ಯಾಸು, ಕರೆಂಟ್ ಬಿಲ್ಲು ಮಗಳದ್ದು. ಗೃಹಜ್ಯೋತಿಯಲ್ಲಿ ನಮ್ಮ ಯೂನಿಟ್ ಎಷ್ಟು ಬಂತು ಎಂದು ಅವಳೇ ಗೋಡೆ ಮೇಲೆ ಬರೆಯುತ್ತಾಳೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೊಟ್ಟ ಮೇಲೆ ಅವರ ರೀತಿಯಲ್ಲೇ ಮಾಡಲು ಬಿಡಬೇಕು. ಮಗ ಟ್ಯಾಂಕು ತೊಳೆಯುವಾಗ ಕೆಳಗೆ ನಿಂತು ‘ಆ ಮೂಲೆ, ಈ ಮೂಲೆ’ ಎಂದರೆ ಮುಂದಿನ ಸಲ ಅವನು ಕರೆಯುವವರೆಗೆ ಕಾಯುತ್ತಾನೆ, ಹೊರೆ ಮತ್ತೆ ನಮ್ಮ ತಲೆಗೇ ಬರುತ್ತದೆ. ನೀರು ಶುದ್ಧವಾಗಿದ್ದರೆ ಸಾಕು. ಅತ್ತೆಗೂ ಕೆಲಸ ಬೇಕು, ವಯಸ್ಸಾಯಿತೆಂದು ಎಲ್ಲ ಕಿತ್ತುಕೊಂಡರೆ ಅವರಿಗೆ ಮನೆಯಲ್ಲಿ ತಾವು ಯಾರು ಎಂದೇ ತಿಳಿಯದಂತಾಗುತ್ತದೆ. ನಮ್ಮ ಮನೆಯಲ್ಲಿ ಹಪ್ಪಳ ಸಂಡಿಗೆಯ ಯಜಮಾನಿಕೆ ಪೂರ್ತಿ ಅವರದ್ದೇ, ದಿನ ಗೊತ್ತುಮಾಡುವುದು, ಉಪ್ಪುಖಾರ ಹದ ನೋಡುವುದು, ಕಾಗೆ ಓಡಿಸುವವರನ್ನು ನೇಮಿಸುವುದು ಎಲ್ಲ.

7. ಮುಯ್ಯಿ ಹಾಕಿಕೊಳ್ಳಿ

ಮಲೆನಾಡಿನ ಗದ್ದೆ, ತೋಟಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಇವತ್ತು ನಿಮ್ಮ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮದಕ್ಕೆ ನೀವು. ಕೂಲಿ ಇಲ್ಲ, ಲೆಕ್ಕ ಮನಸ್ಸಿನಲ್ಲಿ. ಹಲಸಿನ ಹಪ್ಪಳದ ಕಾಲದಲ್ಲಿ ಹೆಂಗಸರು ಇದನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಒಬ್ಬಳೇ ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ ಒಣಗಿಸುವುದು ಆಗದ ಮಾತು.

ಇದನ್ನೇ ನಾವು ನಾಲ್ಕಾರು ಮನೆಯವರು ಬಾಕಿ ಕೆಲಸಕ್ಕೆ ತಂದುಕೊಂಡೆವು. ತಿಂಗಳಿಗೊಂದು ಭಾನುವಾರ ಒಬ್ಬರ ಮನೆ. ಅಟ್ಟ ಇಳಿಸುವುದು, ಬೀರು ಸರಿಸಿ ಹಿಂದೆ ಗುಡಿಸುವುದು, ಬಾವಿಯ ಸುತ್ತ ಕಳೆ ಕೀಳುವುದು, ಹೀಗೆ ಒಬ್ಬರ ಕೈಯಲ್ಲಿ ಆಗದ್ದು ಮಾತ್ರ. ಮನೆಯವರು ಮಧ್ಯಾಹ್ನಕ್ಕೆ ಚಿತ್ರಾನ್ನ, ಮಜ್ಜಿಗೆ ಕೊಟ್ಟರೆ ಸಾಕು, ಹಬ್ಬದಡುಗೆ ಮಾಡಬಾರದು ಎಂದು ಮೊದಲೇ ಮಾತಾಗಿದೆ. ಯಾಕೆಂದರೆ ಅಡುಗೆ ಹೆಚ್ಚಾದರೆ ಆ ಮನೆಯಾಕೆ ಒಲೆ ಮುಂದೆಯೇ ಉಳಿಯುತ್ತಾಳೆ.

ನೆರೆಯವರು ಬರುತ್ತಾರೆಂದರೆ ದಿನ ತಪ್ಪುವುದಿಲ್ಲ. ಇನ್ನೂ ಒಂದು ಲಾಭ ಇದೆ: ನಮ್ಮ ಅಟ್ಟದ ಸಾಮಾನಿನ ಬಗ್ಗೆ ನಮಗಿರುವ ಮೋಹ ಪಕ್ಕದ ಮನೆಯವರಿಗಿರುವುದಿಲ್ಲ. ‘ಇದು ಯಾಕ್ರೀ?’ ಎಂದು ಕೇಳಿಬಿಡುತ್ತಾರೆ. ಉತ್ತರ ಹೊಳೆಯದಿದ್ದರೆ ಅದು ಹೊರಗೆ ಹೋಗುವ ಸಾಲಿಗೆ.

8. ದಿನದ ಕೆಲಸದಲ್ಲಿ ನಡಿಗೆ ಉಳಿಸಿ

ಇದು ಚಿಕ್ಕ ಪಾಠ. ಅಮೆರಿಕದ ಎಂಜಿನಿಯರ್ ಲಿಲಿಯನ್ ಗಿಲ್ಬ್ರೆತ್ 1920ರ ದಶಕದಲ್ಲೇ ಅಡುಗೆಮನೆಯಲ್ಲಿ ಹೆಂಗಸರು ಇಡುವ ಹೆಜ್ಜೆ ಎಣಿಸಿ, ಒಲೆ, ಕಟ್ಟೆ, ಸಾಮಾನು ಹೇಗೆ ಇಟ್ಟರೆ ಹೆಜ್ಜೆ ಕಡಿಮೆಯಾಗುತ್ತದೆಂದು ತೋರಿಸಿದ್ದರು. ನಮ್ಮ ಮನೆಗಳಲ್ಲಿ ಅಕ್ಕಿ ಡಬ್ಬ ಒಂದು ಕಡೆ, ಅಳೆಯುವ ಪಾವು ಇನ್ನೊಂದು ಕಡೆ, ತೊಳೆಯುವ ನೀರು ಹಿತ್ತಿಲಲ್ಲಿ. ಒಂದು ದಿನ ಬೆಳಗಿನ ತಿಂಡಿ ಮಾಡುವಾಗ ಮಗಳಿಗೆ ನಿಮ್ಮ ಓಡಾಟ ನೋಡಲು ಹೇಳಿ. ಯಾವುದಕ್ಕೆ ಪದೇಪದೇ ಹೋಗುತ್ತೀರೋ ಅದನ್ನು ಕೈಗೆ ಹತ್ತಿರ ತನ್ನಿ. ಮೆಣಸಿನಪುಡಿ, ಸಾಂಬಾರ್ ಪುಡಿ, ಉಪ್ಪು, ಎಣ್ಣೆ ಒಲೆಯ ಬಲಗಡೆ, ವರ್ಷಕ್ಕೊಮ್ಮೆ ತೆಗೆಯುವ ಕಡಬಿನ ಪಾತ್ರೆ ಅಟ್ಟಕ್ಕೆ. ರಾತ್ರಿ ಊಟವಾದ ಮೇಲೆ ಮರುದಿನದ ತಿಂಡಿಗೆ ಬೇಕಾದ್ದನ್ನು ನೆನೆಹಾಕಿ, ತರಕಾರಿ ಎತ್ತಿಟ್ಟರೆ ಬೆಳಿಗ್ಗೆ ಏನು ಮಾಡಲಿ ಎಂಬ ಪ್ರಶ್ನೆಯೇ ಇರುವುದಿಲ್ಲ. ಹೀಗೆ ಉಳಿದ ಸಮಯವೇ ಬಾಕಿ ಕೆಲಸದ ಬಂಡವಾಳ.

9. ಕೆಲವು ಕೆಲಸ ಯಾವ ಪಟ್ಟಿಗೂ ಬರಬಾರದು

ಗ್ಯಾಸಿನ ವಾಸನೆ, ಮುಟ್ಟಿದರೆ ಜುಮ್ಮೆನ್ನುವ ಸ್ವಿಚ್ಚು ಅಥವಾ ನಲ್ಲಿ, ಜೋತುಬಿದ್ದ ತಂತಿ, ಜಾರುವ ಮೆಟ್ಟಿಲು. ಇವು ಬರೆದಿಡುವ ಕೆಲಸಗಳಲ್ಲ, ಕಂಡ ಗಳಿಗೆಯಲ್ಲೇ ಮಾಡುವ ಕೆಲಸ. ಗ್ಯಾಸ್ ಸೋರಿಕೆಗೆ 1906, ವಿದ್ಯುತ್ ತೊಂದರೆಗೆ ಮೆಸ್ಕಾಂನ 1912, ಎರಡನ್ನೂ ಅಡುಗೆಮನೆ ಬಾಗಿಲ ಹಿಂದೆ ದಪ್ಪಕ್ಷರದಲ್ಲಿ ಬರೆದಿಡಿ. ಒಲೆಗೆ ಹಾಕುವ ಸುರಕ್ಷಾ ಟ್ಯೂಬಿಗೆ ಐದು ವರ್ಷದ ಆಯುಸ್ಸು, ಮೇಲೆ ಇಸವಿ ಮುದ್ರಿಸಿರುತ್ತಾರೆ. ಈ ಸಾಲು ಓದಿದವರು ಈಗಲೇ ಎದ್ದು ಹೋಗಿ ಆ ಇಸವಿ ನೋಡಿದರೆ ನನಗೆ ಬಹಳ ಸಂತೋಷ.

10. ತೀರ್ಮಾನಕ್ಕೆ ಕಾದ ಕೆಲಸಕ್ಕೆ ಎಲ್ಲರೂ ಕೂರಬೇಕು

ನೋಟ್‌ಬುಕ್ಕಿನ ಬಲಗಡೆ ‘ತೀರ್ಮಾನ’ ಎಂದು ಬರೆದಿರುವ ಸಾಲುಗಳೇ ಅತಿ ಹಳೆಯವು. ಕೆಟ್ಟ ಗ್ರೈಂಡರು ರಿಪೇರಿಯೋ ಗುಜರಿಯೋ, ಮಕ್ಕಳ ತೊಟ್ಟಿಲು ಇಡುವುದೋ ಕೊಡುವುದೋ, ಸೋರುವ ಕೊಟ್ಟಿಗೆಗೆ ಶೀಟು ಹಾಕಿಸುವುದೋ ಕೆಡವುವುದೋ. ಇಂಥವು ಒಬ್ಬರೇ ನಿರ್ಧರಿಸಿದರೆ ಮನೆಯಲ್ಲಿ ಮನಸ್ತಾಪ, ಯಾರೂ ನಿರ್ಧರಿಸದಿದ್ದರೆ ಜಾಗವೆಲ್ಲ ಅವುಗಳದ್ದೇ. ವರ್ಷಕ್ಕೆರಡು ಸಲ, ಯುಗಾದಿಗೂ ದೀಪಾವಳಿಗೂ ಮೊದಲಿನ ವಾರ, ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಆ ಸಾಲುಗಳನ್ನು ಮಾತ್ರ ಓದುತ್ತೇವೆ. ಹಿರಿಯರ ಸಾಮಾನಾದರೆ ಕೊನೇ ಮಾತು ಹಿರಿಯರದ್ದು. ಅತ್ತೆ ತೊಟ್ಟಿಲನ್ನು ಕೊಟ್ಟುಬಿಡೋಣ ಎಂದರು, ಆದರೆ ಬೇಕಾದ ಮನೆಗೆ ಸುತ್ತಾಡಿ ಬರಲಿ, ನಮ್ಮ ಹೆಸರು ಅಡಿಯಲ್ಲಿ ಬರೆದಿರಲಿ ಎಂದರು. ಗ್ರೈಂಡರಿನ ಬಗ್ಗೆ ಮಗ, ರಿಪೇರಿಗೆ ಹೊಸದರ ಅರ್ಧದಷ್ಟು ಖರ್ಚು ಬರುವುದಾದರೆ ಬಿಡೋಣ ಎಂದ, ಅದೇ ಈಗ ಮನೆಯ ಎಲ್ಲ ಯಂತ್ರಗಳಿಗೂ ನಿಯಮ. ಕೊಟ್ಟಿಗೆಯದು ಈ ಸಲವೂ ತೀರ್ಮಾನವಾಗಲಿಲ್ಲ. ಹಾಗಿದ್ದರೆ ಮುಂದಿನ ಸಲಕ್ಕೆ ಶೀಟಿನ ದರ ಎಷ್ಟೆಂದು ಕೇಳಿಬರುವುದು ಯಾರು ಎಂದಾದರೂ ಬರೆಯಬೇಕು. ಬರೆದಿದ್ದೇವೆ.

ಹೊರಗೆ ಹಾಕುವಾಗ ಒಂದು ಎಚ್ಚರ. ಹಳೇ ಯುಪಿಎಸ್ ಬ್ಯಾಟರಿಯನ್ನು ಹಿತ್ತಿಲಲ್ಲಿ ಬಿಸಾಡಬೇಡಿ, ಬೀದಿಯ ಗುಜರಿಯವರಿಗೂ ಕೊಡಬೇಡಿ. ಅದರಲ್ಲಿ ಸೀಸವೂ ಆಸಿಡ್ಡೂ ಇರುತ್ತದೆ, ಒಡೆದರೆ ಮಣ್ಣಿಗೆ, ಬಾವಿಗೆ ಇಳಿಯುತ್ತದೆ. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ವಾಪಸ್ಸು ಪಡೆದು ಬೆಲೆಯಲ್ಲಿ ಕಳೆದುಕೊಡುತ್ತಾರೆ. ಭಾರದ ವಸ್ತು, ಬಸ್ಸಿನಲ್ಲಿ ಆಗುವುದಿಲ್ಲ. ಯಾರದಾದರೂ ಗೂಡ್ಸ್ ಆಟೋ ಭದ್ರಾವತಿಗೆ ಹೊರಟಾಗ ಕೇಳಿಕೊಳ್ಳಿ, ಬೀದಿಯಲ್ಲಿ ಇನ್ನೂ ಎರಡು ಮನೆಯ ಬ್ಯಾಟರಿ ಹೋಗುವುದಿದ್ದರೆ ಬಾಡಿಗೆ ಹಂಚಿಕೊಳ್ಳಬಹುದು.